ಕತ್ತಿ ತಾಗುವ ಮೊದಲೇ ಬಿದ್ದ ಸೈತಾನ

ಸಾನ್ ಖಸಿಂತೊ ಊರಿನ ಸಂತೆಯಲ್ಲಿ ಹಂದಿಮಾಂಸ ಕರಿದು ಮಾರುವ ನಬೋರ್‌ನದು ಭಾರಿ ಗಂಟಲು. ಅವನು ಕೂಗಿದರೆ ಗುಡ್ಡದಾಚೆಯ ಕತ್ತೆ ಕಿವಿ ನಿಮಿರಿಸುತ್ತದೆ ಎನ್ನುತ್ತಿದ್ದರು. ಆ ಗಂಟಲನ್ನು ನಂಬಿಯೇ ಅವನು ಕ್ರಿಸ್ಮಸ್ ಹಿಂದಿನ ಸಂಜೆ ಆಡುವ ಕುರುಬರ ನಾಟಕದಲ್ಲಿ ಸೈತಾನನಾಗಲು ಆಸೆಪಟ್ಟ. ಬಾಲಯೇಸುವನ್ನು ನೋಡಲು ಹೊರಟ ಕುರುಬರಿಗೆ ಸೈತಾನ ಅಡ್ಡ ನಿಲ್ಲುತ್ತಾನೆ, ದೇವದೂತ ಮಿಗೆಲ್ ಅವನನ್ನು ಕತ್ತಿಯಿಂದ ಕೆಡವುತ್ತಾನೆ. ಸೈತಾನ ಸರಿಯಾಗಿ ಬಿದ್ದರೆ ವರ್ಷವಿಡೀ ಊರಿಗೆ ಕೇಡಿಲ್ಲ ಎಂದು ಮುದುಕಿಯರ ನಂಬಿಕೆ.

ನಾಟಕ ಕಲಿಸುತ್ತಿದ್ದ ಮುದಿ ಮೇಷ್ಟ್ರು ದೋನ್ ಎವಾರಿಸ್ತೊ ಅವನನ್ನು ಕುರುಬರ ಹಿಂದಿನ ಸಾಲಿಗೆ ತಳ್ಳಿದರು. ಈ ವರ್ಷ ನಿನಗೆ ಮಾತಿಲ್ಲ, ಬೇರೆಯವರ ಮಾತು ಕೇಳಿಸಿಕೊಳ್ಳುವುದೇ ನಿನ್ನ ಪಾತ್ರ ಎಂದರು. ನಬೋರ್‌ಗೆ ಉರಿದುಹೋಯಿತು. ಮುದುಕನಿಗೆ ಅರಳುಮರಳು ಎಂದು ಊರೆಲ್ಲ ಹೇಳಿಕೊಂಡು ತಿರುಗಿದ. ಮೊರೇಲಿಯಾ ಪಟ್ಟಣಕ್ಕೆ ಹೋಗಿ, ಗೋಡೆ ತುಂಬ ತನ್ನದೇ ಫೋಟೊ ತೂಗುಹಾಕಿಕೊಂಡಿದ್ದ ಲಾಂದೆರೊಸ್ ಎಂಬ ಶಿಕ್ಷಕನನ್ನು ಹಿಡಿದ. ಕೊಂಬಿನ ಬಣ್ಣ ನೋಡಿ ಎತ್ತು ಕೊಂಡ ಹಾಗಾಯಿತು. ಲಾಂದೆರೊಸ್ ಮೊದಲ ದಿನವೇ ಅವನನ್ನು ಹೊಗಳಿ ಅಟ್ಟಕ್ಕೇರಿಸಿದ. ಜನ ನಿನ್ನೊಬ್ಬನನ್ನೇ ನೋಡಬೇಕು, ಎದುರಿಗೆ ನಿಂತವರು ಬರೀ ಗೋಡೆ ಎಂದು ಕಲಿಸಿದ.

ಮರುವರ್ಷ ಊರಿನ ಇನ್ನೊಂದು ತಂಡ, ಕೆಳಗೇರಿಯದು, ಅವನಿಗೆ ಸೈತಾನನ ಪಾತ್ರ ಕೊಟ್ಟಿತು. ಮಿಗೆಲ್ ಆದವಳು ಜೋಳದ ಗಿರಣಿಯ ಒಬ್ದುಲಿಯಾ. ತಾಯಿ ಸಾವಿನ ದವಡೆಯಿಂದ ಎದ್ದು ಬಂದದ್ದಕ್ಕೆ ಅವಳು ಹೊತ್ತ ಹರಕೆ ಅದು.

ಆ ಸಂಜೆ ಚರ್ಚಿನ ಅಂಗಳ ತುಂಬಿತ್ತು. ನಬೋರ್ ಗುಡುಗಿದ, ಮಕ್ಕಳು ಅತ್ತವು, ಅವನು ಹಿಗ್ಗಿದ. ಒಬ್ದುಲಿಯಾ ಕತ್ತಿ ಎತ್ತಿದಳು, ಮಾತು ಮರೆತಳು. ಅವಳ ತುಟಿ ಅಲುಗುತ್ತಿದ್ದುದನ್ನು ಜನರೆಲ್ಲ ನೋಡಿದರು, ನಬೋರ್ ಮಾತ್ರ ನೋಡಲಿಲ್ಲ. ಅವನ ಕಣ್ಣು ಜನರ ಮೇಲಿತ್ತು. ಅಭ್ಯಾಸದಲ್ಲಿ ಎಣಿಸಿಟ್ಟ ಲೆಕ್ಕದಂತೆ "ಅಯ್ಯೋ ಸೋತೆ" ಎಂದು ಕೂಗಿ, ಕತ್ತಿ ತಾಗದೆಯೇ ದೊಪ್ಪನೆ ಬಿದ್ದ.

"ಸೈತಾನಂಗೆ ಮೂರ್ಛೆರೋಗ ಕಣ್ರೋ," ಎಂದರು ಯಾರೋ. ಅಂಗಳವೆಲ್ಲ ನಕ್ಕಿತು. ಮುದುಕಿಯರು ಮಾತ್ರ ನಗದೆ ಶಿಲುಬೆ ಗುರುತು ಹಾಕಿಕೊಂಡರು: ಸೈತಾನ ಸೋತಿಲ್ಲ, ಸುಮ್ಮನೆ ಮಲಗಿದ್ದಾನೆ. ಪರದೆಯ ಹಿಂದಕ್ಕೆ ಓಡಿದ ಒಬ್ದುಲಿಯಾ ಬಿಕ್ಕುವುದು ಬಿದ್ದಲ್ಲಿಂದಲೇ ನಬೋರ್‌ಗೆ ಕೇಳಿಸಿತು. ಇಡೀ ನಾಟಕದಲ್ಲಿ ಅವನ ಕಿವಿಗೆ ಬಿದ್ದ ಬೇರೆಯವರ ದನಿ ಅದೊಂದೇ. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಎರಡು ವಾರ ಅವನು ಸಂತೆಯಲ್ಲಿ ಕೂಗಲಿಲ್ಲ. ಆಮೇಲೆ ತಲೆ ತಗ್ಗಿಸಿಕೊಂಡು ಮೇಷ್ಟ್ರ ಮನೆಗೆ ಹೋಗಿ, ಮತ್ತೆ ಶಿಷ್ಯನಾಗಿ ಸೇರಿಸಿಕೊಳ್ಳಿ ಎಂದು ಬೇಡಿದ. ಅರಳುಮರಳು ಎಂದದ್ದಕ್ಕೂ ತಪ್ಪೊಪ್ಪಿಕೊಂಡ.

"ಅದು ಬಿಡು, ವಯಸ್ಸಾಯ್ತು, ಇದ್ರೂ ಇರ್ಬೋದು," ಎಂದರು ದೋನ್ ಎವಾರಿಸ್ತೊ. "ಆ ಹುಡುಗಿ ಹರಕೆ ಕೆಡಿಸಿದ್ಯಲ್ಲಪ್ಪ. ಮೊದ್ಲು ಅವಳ ಹತ್ರ ಹೋಗು. ಅವಳು ಕಳಿಸಿದ್ರೆ ಬಾ."

ಬೆಳಿಗ್ಗೆ ಗಿರಣಿಯ ಮುಂದೆ ಹೆಂಗಸರ ಸಾಲು. ನಬೋರ್ ಬೇರೆ ಹೊತ್ತು ನೋಡಬಹುದಿತ್ತು; ನೋಡಲಿಲ್ಲ. ಎಲ್ಲರೆದುರೇ ಕ್ಷಮೆ ಕೇಳಿದ.

"ಕ್ಷಮೆ ಇಟ್ಕೊಂಡು ನಾನೇನ್ಮಾಡ್ಲಿ ನಬೋರಣ್ಣ? ನನ್ನ ಹರಕೆ ಅರ್ಧಕ್ಕೇ ನಿಂತಿದೆ," ಎಂದಳು ಒಬ್ದುಲಿಯಾ. "ನಿಮ್ಮ ಮಾತು ಇಲ್ಲೇ ಹೇಳಿ. ನಾನು ನನ್ನದು ಮುಗಿಸ್ತೀನಿ."

ಜಿಡ್ಡು ಹಿಡಿದ ಏಪ್ರನ್ನಿನಲ್ಲೇ ಅವನು ಸೈತಾನನ ಮಾತು ಹೇಳಿದ. ಅವಳು ಹಿಟ್ಟಿನ ಕೈ ಎತ್ತಿದಳು. ಮತ್ತೆ ತಡವರಿಸಿದಳು.

"ಬೀಳೋದಾದ್ರೆ ಬೇಗ ಬೀಳಪ್ಪ, ಮನೇಲಿ ಒಲೆ ಉರೀತಿದೆ," ಎಂದಳು ಸಾಲಿನ ಮುದುಕಿ. ಹೆಂಗಸರು ಕಿಸಕ್ಕನೆ ನಕ್ಕರು. ನಬೋರ್‌ನ ಕಿವಿ ಬಿಸಿಯೇರಿತು. ಆದರೂ ಅವನು ಅವಳ ತುಟಿಯಿಂದ ಕಣ್ಣು ಕದಲಿಸಲಿಲ್ಲ. ನಗು ತಾನಾಗಿ ಬತ್ತಿತು.

"ದುರುಳ, ದಾರಿ ಬಿಡು," ಎಂದಳು ಅವಳು ಕೊನೆಗೆ. ಹಿಟ್ಟಿನ ಕೈ ಅವನ ಎದೆಗೆ ತಾಗಿತು. ಅವನು ಮೆಲ್ಲಗೆ ನೆಲಕ್ಕೆ ಕುಸಿದ.

ಒಬ್ದುಲಿಯಾ ಕಣ್ಣೊರೆಸಿಕೊಂಡು, "ನಾನು ಕಳಿಸ್ದೆ ಅಂತ ಹೇಳಿ ಮೇಷ್ಟ್ರಿಗೆ," ಎಂದಳು. ನಬೋರ್ ಎದ್ದ. ಯಾರ ಮುಖವನ್ನೂ ನೋಡಲಾಗದೆ, ಸಾಲಿನ ಹೆಂಗಸರು ಸರಿದು ಕೊಟ್ಟ ಸಂದಿಯಲ್ಲಿ ನುಸುಳಿ ಮೇಷ್ಟ್ರ ಮನೆ ಕಡೆ ಹೋದ.