ಗುರುತಿಲ್ಲದ ಬೆನ್ನು

ಅವರ ಬಲಗೈಯ ಹೆಬ್ಬೆರಳು, ತೋರುಬೆರಳುಗಳ ತುದಿ ಸುಟ್ಟು ಸುಟ್ಟು ಕಂದಾಗಿತ್ತು. ಹತ್ತಿರ ಬಂದರೆ ಸ್ಪಿರಿಟ್ಟಿನ ವಾಸನೆ. ತೊಂಬತ್ತರ ದಶಕದಲ್ಲಿ ಅಮೆರಿಕದ ಕ್ಯಾರಿ ಊರಿನ ನಮ್ಮ ಅಪಾರ್ಟ್‌ಮೆಂಟಿನ ಮೇಲಿನ ಮನೆಗೆ, ಮಗಳ ಜೊತೆ ಇರಲು ಚೀನಾದಿಂದ ಬಂದಿದ್ದರು. ನಾನು ಅಜ್ಜಿ ಎಂದು ಕರೆದೆ. ಅದನ್ನೇ ತಮ್ಮ ಹೆಸರು ಮಾಡಿಕೊಂಡರು.

ಆಗ ನನಗೆ ಕಾರು ಓಡಿಸಲು ಬಾರದು, ಮಾತಾಡಲು ಜನವಿಲ್ಲ. ಬಾಣಂತನಕ್ಕೆ ಬರಲು ಅಮ್ಮನಿಗೆ ವೀಸಾ ಸಿಕ್ಕಿರಲಿಲ್ಲ. ಮಗುವನ್ನು ಎತ್ತಿ ಎತ್ತಿ ಬೆನ್ನು ಹಿಡಿದುಕೊಂಡಿತ್ತು. ಒಂದು ಬೆಳಿಗ್ಗೆ ಲಾಂಡ್ರಿ ರೂಮಿನಲ್ಲಿ ಬಗ್ಗಲಾರದೆ ನಿಂತಿದ್ದ ನನ್ನನ್ನು ಕಂಡು ಅಜ್ಜಿ, ಕೈಹಿಡಿದು ಮೇಲೆ ಕರೆದೊಯ್ದು ಬೋರಲು ಮಲಗಿಸಿದರು. ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಗೆ ಬೆಂಕಿ ಹಚ್ಚಿ, ಗಾಜಿನ ಬಟ್ಟಲೊಳಗೆ ಒಮ್ಮೆ ಸುಳಿಸಿ ತೆಗೆದು, ಬಟ್ಟಲನ್ನು ಥಟ್ಟನೆ ಬೆನ್ನಿಗೆ ಒತ್ತಿದರು. ಅದು ಚರ್ಮವನ್ನು ಒಳಗೆಳೆದುಕೊಂಡಿತು.

"ನೋ ಅಫ್ರೇಡ್. ಕೋಲ್ಡ್ ಗೋ ಔಟ್," ಎಂದು ತಲೆ ಸವರಿದರು. ಅಮ್ಮನನ್ನು ಬಿಟ್ಟು ಬಂದಮೇಲೆ ಹಾಗೆ ಯಾರೂ ನನ್ನ ತಲೆ ಸವರಿರಲಿಲ್ಲ. ಅತ್ತುಬಿಟ್ಟೆ.

ಸಂಜೆ ನನ್ನ ಬೆನ್ನಿನ ಕೆಂಪು ವೃತ್ತಗಳನ್ನು ನೋಡಿ ಗಂಡ, "ಏನೇ ಇದು, ಒಬ್ಬಟ್ಟು ತಟ್ಟಿಸ್ಕೊಂಡು ಬಂದಿದ್ಯಾ?" ಎಂದರು. ನಗಲಿ ಬಿಡಿ. ಮಾರನೆಯ ದಿನ ನಾನು ಬಗ್ಗಿ ಮಗುವನ್ನು ಎತ್ತಿಕೊಂಡೆ. ಆಮೇಲೆ ಅಜ್ಜಿ ತಮ್ಮ ತೊಡೆಯ ಮೇಲೆ ಬಟ್ಟಲು ಹಾಕಿ ತೋರಿಸಿ ನನಗೂ ಕಲಿಸಲು ನೋಡಿದರು. ಬೆಂಕಿ ಅಂದರೆ ನನಗೆ ಮೊದಲಿನಿಂದಲೂ ಪುಕ್ಕಲು. ನೋಡಿದೆನೇ ಹೊರತು ಮುಟ್ಟಲಿಲ್ಲ.

ಎರಡನೇ ಚಳಿಗಾಲದಲ್ಲಿ ಅವರಿಗೆ ಕೆಮ್ಮು ಹಿಡಿಯಿತು. ಒಂದು ಮಧ್ಯಾಹ್ನ ಬಟ್ಟಲುಗಳ ಚೀಲ ಹಿಡಿದು ಇಳಿದು ಬಂದು, ಕುರ್ಚಿಯಲ್ಲಿ ನನಗೆ ಬೆನ್ನು ಮಾಡಿ ಕೂತು ಸ್ವೆಟರ್ ಮೇಲೆತ್ತಿದರು. "ಯೂ ಡೂ," ಎಂದರು. ನಮ್ಮ ಬೆನ್ನಿಗೆ ನಮ್ಮ ಕೈ ಎಟುಕುವುದಿಲ್ಲವಲ್ಲ. ಬೆರಳು ಕಂದುವಷ್ಟು ಜನರ ನೋವು ತೆಗೆದವರ ಬೆನ್ನಿನಲ್ಲಿ ಒಂದು ಗುರುತೂ ಇರಲಿಲ್ಲ.

ಹತ್ತಿಗೆ ಬೆಂಕಿ ಹಚ್ಚಿದೆ. ಊದಿ ಆರಿಸಿಬಿಟ್ಟೆ.

"ಸಾರಿ ಅಜ್ಜಿ, ಐ ಕಾಂಟ್. ಸೀ ಡಾಕ್ಟರ್, ಪ್ಲೀಸ್."

"ಓಕೆ, ಓಕೆ. ನೆಕ್ಸ್ಟ್ ಟೈಮ್," ಎಂದು ನನ್ನನ್ನೇ ಸಮಾಧಾನ ಮಾಡಿ ಮೆಟ್ಟಿಲು ಹತ್ತಿದರು.

ಮತ್ತೆ ಬರಲಿಲ್ಲ. ಶ್ವಾಸಕೋಶದ ಕಾಯಿಲೆ, ವಸಂತದಲ್ಲಿ ಡಾಗ್‌ವುಡ್ ಮರ ಹೂ ಬಿಡುವ ಹೊತ್ತಿಗೆ ತೀರಿಕೊಂಡರು. ಬಟ್ಟಲು ಹಾಕಿದ್ದರೆ ಉಳಿಯುತ್ತಿದ್ದರು ಎಂದು ನಾನು ಹೇಳುವುದಿಲ್ಲ. ಬೆನ್ನಿನ ಮೇಲೆ ಒಂದು ಕೈ ಬೇಕಾಗಿತ್ತು ಅವರಿಗೆ, ನಾನು ಅಷ್ಟೂ ಮಾಡಲಿಲ್ಲ.

ವಾರದ ನಂತರ ಅವರ ಮಗಳು ಆ ಚೀಲವನ್ನು ನನಗೆ ತಂದುಕೊಟ್ಟಳು. "ನಾನು ರಜ ಹಾಕುತ್ತೇನೆ ಅಂದಾಗೆಲ್ಲ ಅಮ್ಮ ಬೇಡ ಅನ್ನುತ್ತಿದ್ದರು. ಕೆಳಗಿನ ಮನೆ ಹುಡುಗಿ ದಿನಾ ಬಟ್ಟಲು ಹಾಕುತ್ತಾಳೆ, ಅವಳ ಕೈ ಬಹಳ ಮೆತ್ತಗೆ ಅನ್ನುತ್ತಿದ್ದರು. ಥ್ಯಾಂಕ್ಸ್," ಎಂದು ಇಂಗ್ಲಿಷಿನಲ್ಲಿ ಹೇಳಿ ನನ್ನ ಕೈ ಹಿಡಿದುಕೊಂಡಳು.

ಆ ಬೆನ್ನಿಗೆ ನಾನು ಒಂದು ಬಟ್ಟಲನ್ನೂ ಹಾಕಿರಲಿಲ್ಲ. ತಲೆಯಾಡಿಸಿ ಚೀಲ ತೆಗೆದುಕೊಂಡೆ.