ದ್ರೌಪದಮ್ಮನ ಕೈಗುಣ

ಮಾರೇನಕುಂಟೆಯಲ್ಲಿ ಯಾರ ಮನೆಯಲ್ಲಿ ಏನೇ ಶುರುವಾಗಲಿ, ಮೊದಲು ಕೈಯಿಡಬೇಕಾದವಳು ದ್ರೌಪದಮ್ಮ. ಅಟ್ಟೂರು ದಾಟಿ ಇನ್ನಷ್ಟು ದೂರ ಹೋದರೆ ಸಿಗುವ ಊರು ಅದು. ಬೆಂಗಳೂರು ಇನ್ನೂ ನುಂಗಿರಲಿಲ್ಲ, ಬಾಯಿ ತೆರೆದುಕೊಂಡು ಪಕ್ಕದಲ್ಲೇ ಕೂತಿತ್ತು. ಟೊಮೇಟೊ ನಾಟಿಯಾದರೆ ಮೊದಲ ಸಸಿ ಅವಳು ನೆಡಬೇಕು. ಬೋರ್‌ವೆಲ್ಲಿನ ಮೋಟಾರಿಗೆ ಮೊದಲ ಸಲ ಸ್ವಿಚ್ಚು ಒತ್ತುವವಳು ಅವಳು. ಹೊಸ ಮನೆಯಲ್ಲಿ ಹಾಲುಕ್ಕಿಸಲು ಒಲೆ ಹಚ್ಚುವವಳೂ ಅವಳೇ. ಹೊಸ ಟೆಂಪೊ ತಂದ ಹುಡುಗರು ಕೀಯನ್ನು ದೇವರ ಮುಂದಿಟ್ಟು, ಆಮೇಲೆ ಅವಳ ಕೈಗೆ ಕೊಟ್ಟು, ವಾಪಸ್ ಇಸಿದುಕೊಂಡೇ ಗಾಡಿ ಹತ್ತುತ್ತಿದ್ದರು. ಅವಳ ಕೈಗುಣ ಅಂಥದ್ದು, ಮುಟ್ಟಿದ್ದು ಬೆಳೆಯುತ್ತದೆ ಎಂದು ಊರಿನ ನಂಬಿಕೆ.

ಮದುವೆಯಾಗಿ ಬಂದ ವರ್ಷ, ಸುಡುವ ಬೇಸಿಗೆಯಲ್ಲಿ, ಯಾರೋ ಕಡಿದು ಬಿಸಾಡಿದ್ದ ನುಗ್ಗೆ ಕೊಂಬೆಯನ್ನು ಹಿತ್ತಲಲ್ಲಿ ಚುಚ್ಚಿದ್ದಳಂತೆ. ಅದು ಚಿಗುರಿತು. ನುಗ್ಗೆ ಎಲ್ಲಿ ಚುಚ್ಚಿದರೂ ಚಿಗುರುವ ಜಾತಿ, ಅದು ಬೇರೆ ಮಾತು. ಅತ್ತೆ ಮಾತ್ರ ಊರೆಲ್ಲ ಹೇಳಿಕೊಂಡು ಬಂದಳು. ಅಲ್ಲಿಂದ ಶುರುವಾದ ಕರೆ ನಲವತ್ತು ವರ್ಷ ನಿಲ್ಲಲಿಲ್ಲ. ಗಂಡ ಬ್ಯಾಟರಾಯಪ್ಪನಿಗೆ ಮಾತ್ರ ಇದೊಂದು ತಮಾಷೆ. ಬೋಳಾದ ತಲೆ ಸವರಿಕೊಂಡು, "ಊರವ್ರ್ ಒಲಕ್ಕೆಲ್ಲ ಕೈ ಇಕ್ತೀಯ, ನನ್ ತಲೆ ಮ್ಯಾಲೂ ಒಂದ್ ದಪ ಇಕ್ಕು, ನಾಕ್ ಕೂದ್ಲಾದ್ರೂ ಬರ್ಲಿ" ಎನ್ನುತ್ತಿದ್ದ.

ಅವಳು ನಗುತ್ತಿದ್ದಳು, ಆದರೆ ಆ ಕೈಯನ್ನು ಹಗುರವಾಗಿ ಕಾಣುತ್ತಿರಲಿಲ್ಲ. ಕರೆ ಬಂದರೆ ಹಿಂದಿನ ದಿನದಿಂದಲೇ ಯಾರೊಂದಿಗೂ ಜಗಳವಿಲ್ಲ, ಗೊಣಗಾಟವಿಲ್ಲ. ಸಿಟ್ಟಿನ ಕೈಯಲ್ಲಿ ನೆಟ್ಟದ್ದು ಹತ್ತುವುದಿಲ್ಲ ಎಂದು ಅವಳ ಲೆಕ್ಕ. ಎಲೆ ಅಡಿಕೆ, ಒಂದು ರವಿಕೆ ಕಣ ಬಿಟ್ಟು ಬೇರೇನೂ ಮುಟ್ಟುತ್ತಿರಲಿಲ್ಲ. ಓದಿರಲಿಲ್ಲ, ಮೈಮೇಲೆ ಒಡವೆ ಇರಲಿಲ್ಲ, ಒಬ್ಬಳೇ ಮಗಳು ರಾಣಿ ಆರ್.ಟಿ. ನಗರಕ್ಕೆ ಮದುವೆಯಾಗಿ ಹೋಗಿದ್ದಳು. ದ್ರೌಪದಮ್ಮ ಎಂದರೆ ಆ ಕೈ, ಅಷ್ಟೇ. ಅದು ಅವಳಿಗೂ ಗೊತ್ತಿತ್ತು.

ಇಂಥ ಊರಿಗೆ ಪೋರ್ಟು ಬರುತ್ತದೆ ಎಂದಾಗ ಜನ ಬಿದ್ದು ಬಿದ್ದು ನಕ್ಕರು. ಸಮುದ್ರ ಎಲ್ಲಿದೆ? ಮಳೆಗಾಲದಲ್ಲೂ ಊರ ಕುಂಟೆಯಲ್ಲಿ ಮೊಣಕಾಲುದ್ದ ನೀರು ನಿಲ್ಲುವುದಿಲ್ಲ. ಸೂಟು ಹಾಕಿಕೊಂಡು ಬಂದ ಕಂಪನಿಯವರು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ವಿವರಿಸಿದರು. ದೂರದ ಕರಾವಳಿಯಲ್ಲಿ ದೊಡ್ಡ ಕಂಟೇನರ್ ಬಂದರು ಕಟ್ಟುತ್ತಿದ್ದಾರೆ. ಹಡಗು ಅಲ್ಲಿ ನಿಲ್ಲುತ್ತದೆ, ಅದರ ಹೊಟ್ಟೆ ತುಂಬುವುದು ಇಲ್ಲಿಂದ. ಕಾರ್ಖಾನೆಗಳ ಸರಕು ಇಲ್ಲೇ ಕಬ್ಬಿಣದ ಪೆಟ್ಟಿಗೆಗಳಿಗೆ ತುಂಬಿ, ಇಲ್ಲೇ ಕಸ್ಟಮ್ಸ್ ಸೀಲು ಬಿದ್ದು, ನೇರವಾಗಿ ಹಡಗಿಗೆ ಹೋಗುತ್ತದೆ. ಅದಕ್ಕೊಂದು ಯಾರ್ಡು ಬೇಕು, ಯಲಹಂಕದ ಹಳಿಗೆ ಕೂಡುವ ರೈಲು ಬೇಕು, ಗೊರಗುಂಟೆಪಾಳ್ಯದ ಕಡೆಗೆ ಅಗಲವಾದ ರಸ್ತೆ ಬೇಕು. ಇಪ್ಪತ್ತೇ ಎಕರೆ ಸಾಕು, ಮನೆಗೊಂದು ಕೆಲಸ ಖಂಡಿತ ಎಂದರು. ನಗುತ್ತಿದ್ದವರು ನಗು ನಿಲ್ಲಿಸಿ ಮಕ್ಕಳ ವಯಸ್ಸು ಎಣಿಸತೊಡಗಿದರು.

ಊರ ಹಿರಿಯ ದೊಡ್ಡಮುನಿಯಪ್ಪ ಅರಳಿಕಟ್ಟೆಯಲ್ಲಿ ಪಂಚಾಯ್ತಿ ಸೇರಿಸಿದ. "ಓಗೋ ಭೂಮಿ ಓಯ್ತು. ಓಗಿದ್ದಾದ್ರೂ ಬೆಳೀಲಿ. ಅದ್ ಬೆಳುದ್ರೆ ನಮ್ ಐಕ್ಳು ಬೆಳೀತಾರೆ. ಗುದ್ಲಿ ಪೂಜೆ ನಮ್ ದ್ರೌಪದಮ್ಮನ್ ಕೈಲೇ ಆಗ್ಲಿ" ಎಂದ.

ಆ ಇಪ್ಪತ್ತು ಎಕರೆಯ ನಡುವೆ ದ್ರೌಪದಮ್ಮನ ಕನಕಾಂಬರದ ಹೊಲವೂ ಇತ್ತು. "ನನ್ ಒಲಾನೇ ಕಿತ್ಕಂಡು ನನ್ ಕೈಲೇ ಮಣ್ಣಾಕ್ಸ್ತೀರಾ?" ಎಂದು ಕೇಳಿದಳು. ಮೈದುನನ ಹೆಂಡತಿ ಚನ್ನಕ್ಕ ಓಡಿಬಂದು ಎರಡೂ ಕೈ ಹಿಡಿದುಕೊಂಡಳು. "ಒಲ್ಲೆ ಅನ್ಬ್ಯಾಡ ಕಣಕ್ಕ. ನಿನ್ ಕೈ ಬಿದ್ರೆ ಸಾಕು, ನಮ್ ಗಿರಿಗೊಂದು ಕೆಲ್ಸ ಆಯ್ತದೆ."

ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವುದು ಅಂದರೆ ಇದೇ. ದ್ರೌಪದಮ್ಮ ಹೋದಳು. ಹಿಂದಿನ ದಿನ ಹೊಲದ ಬದುವಿನ ಮೇಲೆ ಕೂತು ಅತ್ತಳೇ ಹೊರತು ಯಾರ ಮೇಲೂ ಸಿಟ್ಟು ಮಾಡಿಕೊಳ್ಳಲಿಲ್ಲ. ಮಾರನೆಯ ದಿನ ತಲೆಗೆ ಸ್ನಾನ ಮಾಡಿ, ಕಾಯಿ ಒಡೆದು, ಗುಂಡಿಗೆ ಮೊದಲ ಪುಟ್ಟಿ ಮಣ್ಣು ಹಾಕಿದಳು. ಚೆನ್ನಾಗಿ ಬೆಳೆ ಎಂದು ಮನಸ್ಸಿನಲ್ಲೇ ಹೇಳಿದಳು, ಎಲ್ಲದಕ್ಕೂ ಹೇಳುತ್ತಿದ್ದ ಹಾಗೆ.

ಬೆಳೆಯಿತು. ಎಂಥ ಬೆಳೆ! ವರ್ಷ ತುಂಬುವುದರೊಳಗೆ ಹೊಲವಿದ್ದಲ್ಲಿ ಕಾಂಕ್ರೀಟು ಬಿತ್ತು. ಕೆಂಪು, ನೀಲಿ ಪೆಟ್ಟಿಗೆಗಳು ಒಂದರ ಮೇಲೊಂದು ಕೂತು ಮಧ್ಯಾಹ್ನದ ಬಿಸಿಲನ್ನೇ ತಡೆದವು. ಊರಿನ ಎತ್ತಿನಗಾಡಿ ದಾರಿಯಲ್ಲಿ ಟ್ರೈಲರುಗಳು ಸಾಲುಗಟ್ಟಿದವು. ಒಣಹಾಕಿದ ರಾಗಿಯ ಮೇಲೆ, ಮಕ್ಕಳ ತಟ್ಟೆಯ ಮೇಲೆ ಧೂಳು ಕೂತಿತು. ಹತ್ತಿರದ ಮನೆಗಳ ಗೋಡೆಗಳು ಬಿರುಕುಬಿಟ್ಟವು. ಮನೆಗೊಂದು ಕೆಲಸ ಎಂದಿದ್ದರಲ್ಲ, ಚನ್ನಕ್ಕನ ಮಗ ಗಿರಿಗೆ ಸಿಕ್ಕಿದ್ದು ಗೇಟಿನಲ್ಲಿ ನಿಂತು ಸೀಟಿ ಊದುವ ಕೆಲಸ. ಕಂಟ್ರಾಕ್ಟರ್ ಬದಲಾದ ಮೇಲೆ ಸೀಟಿಯನ್ನೂ ವಾಪಸ್ ತೆಗೆದುಕೊಂಡರು.

ಆಮೇಲೆ ಎರಡನೇ ಹಂತ ಎಂದು ನೋಟೀಸು ಬಂತು. ಇಪ್ಪತ್ತು ಎಕರೆ ಸಾಲದಂತೆ. ವ್ಯಾಪಾರ ಅಂದುಕೊಂಡದ್ದಕ್ಕಿಂತ ಜಾಸ್ತಿ ಆಗಿದೆಯಂತೆ, ಗೋದಾಮು ಬೇಕಂತೆ, ರೈಲಿಗೆ ಇನ್ನಷ್ಟು ಜಾಗ ಬೇಕಂತೆ. ಈ ಸಲ ಚನ್ನಕ್ಕನ ಸೊಪ್ಪಿನ ತೋಟ ಹೋಯಿತು, ದೊಡ್ಡಮುನಿಯಪ್ಪನ ಮಾವಿನ ತೋಪು ಹೋಯಿತು, ಊರಿನ ಅರ್ಧ ಹೋಯಿತು. ಬೈಯಲು ಸೂಟಿನವರು ಕೈಗೆ ಸಿಗುವುದಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಜನ ನಾವು. ಊರು ದ್ರೌಪದಮ್ಮನ ಕಡೆ ತಿರುಗಿತು.

ಬೆಳಿಗ್ಗೆ ಹಾಲಿನ ಡೇರಿಯ ಮುಂದೆ, ಎಲ್ಲರೂ ಕ್ಯಾನು ಹಿಡಿದು ನಿಂತಿರುವಾಗ, ಚನ್ನಕ್ಕ ಶುರುಮಾಡಿದಳು. "ಮುಟ್ಟಿದ್ದೆಲ್ಲ ಬೆಳೀತದೆ ಅಂತ ಗೊತ್ತಿದ್ದೂ ಗೊತ್ತಿದ್ದೂ ಓಗಿ ಮಣ್ಣಾಕ್ದಲ್ಲೇ! ಇಪ್ಪತ್ತೆಕ್ರೇಲಿ ಇರ್ತಿದ್ದುದ್ನ ಇಷ್ಟುದ್ದ ಬೆಳುಸ್ಬುಟ್ಟೆ. ಈಗ ನಮ್ ಬಾಯ್ಗೇ ಮಣ್ಣ್ ಬಿತ್ತು. ನಿನ್ ಕೈಗ್ ಬೆಂಕಿ ಬೀಳ!"

ಕರೆದುಕೊಂಡು ಹೋದವಳು ನೀನೇ ಅಲ್ಲವೇನೇ ಎಂದು ದ್ರೌಪದಮ್ಮ ಕೇಳಬಹುದಿತ್ತು. ದೊಡ್ಡಮುನಿಯಪ್ಪ ಅಲ್ಲೇ ಇದ್ದ, ಹಾಲಿನ ಕೊಬ್ಬು ಅಳೆಯುವ ಯಂತ್ರವನ್ನು ಮೊದಲ ಸಲ ನೋಡುವವನ ಹಾಗೆ ಅದನ್ನೇ ನೋಡುತ್ತಾ ನಿಂತಿದ್ದ. ಅವಳು ಮನೆಗೆ ಬಂದು ಅಂಗೈ ನೋಡಿಕೊಂಡು ಕೂತಳು. ಅವಮಾನವಾಗಿತ್ತು. ಅದರ ನಡುವೆ ಇನ್ನೊಂದು ಭಾವವೂ ಇತ್ತು, ಅದನ್ನು ಗಂಡನಿಗೂ ಹೇಳಲಾರದೆ ಹೋದಳು. ಆಕಾಶಕ್ಕೆ ನಿಂತ ಆ ಪೆಟ್ಟಿಗೆಗಳನ್ನು ಬೆಳೆಸಿದ್ದು ತನ್ನ ಕೈ ಎಂದು ಊರೇ ಒಪ್ಪಿಕೊಂಡ ಹಾಗಾಗಿತ್ತಲ್ಲ! ಅಂಥ ಯೋಚನೆ ಬಂದದ್ದಕ್ಕೇ ಅವಳಿಗೆ ತನ್ನ ಮೇಲೆ ಅಸಹ್ಯವಾಯಿತು.

ಕರೆಗಳು ನಿಂತವು. ಉಳಿದ ಚೂರುಪಾರು ನೆಲದಲ್ಲಿ ಯಾರೋ ಬೀನ್ಸ್ ಹಾಕಿದರು, ಅವಳಿಗೆ ಹೇಳಲಿಲ್ಲ. ಎದುರು ಮನೆಯಲ್ಲಿ ಹಾಲುಕ್ಕಿಸಿದರು, ಬೇರೆ ಯಾರೋ ಒಲೆ ಹಚ್ಚಿದರು. ಅವಳ ಕೈ ಕೆಟ್ಟಿದೆ ಎಂದು ಯಾರೂ ಹೇಳುತ್ತಿರಲಿಲ್ಲ. ಒಳ್ಳೆಯ ಕೈಯೇ, ಆದರೆ ಈಗ ಕಂಪನಿಯ ಕಡೆಗೆ ಹೋಗಿದೆ ಎನ್ನುತ್ತಿದ್ದರು.

ಹೀಗಿರುವಾಗ ಕಂಪನಿಯ ಕಾರು ಅವಳ ಮನೆಯ ಮುಂದೆ ಬಂದು ನಿಂತಿತು. ಇಳಿದವಳು ಸ್ಮಿತಾ ಎಂಬ ಹುಡುಗಿ. ಊರಿನವರ ಜೊತೆ ಮಾತಾಡುವುದೇ ಅವಳ ನೌಕರಿ. ಕೆಟ್ಟವಳೇನಲ್ಲ, ಚಪ್ಪಲಿ ಹೊರಗೆ ಬಿಟ್ಟು ಬಂದು ಚಾಪೆಯ ಮೇಲೆಯೇ ಕೂತಳು.

"ಅಮ್ಮಾ, ನಮ್ಮ ರೈಲ್ವೆ ಲೈನ್ ರೆಡಿಯಾಗಿದೆ. ಫಸ್ಟ್ ಕಂಟೇನರ್ ಟ್ರೈನ್ ಬಂದರಿಗೆ ಹೊರಡುತ್ತೆ. ಹೋದ್ಸಲದ ಥರ ನೀವೇ ಬಂದು ಕಾಯಿ ಒಡೀಬೇಕು. ಲೋಕಲ್ ಟಚ್ ಇದ್ರೆ ಚೆನ್ನಾಗಿರುತ್ತೆ ಅಂತ ನಮ್ ಸರ್ ಹೇಳಿದ್ರು."

ಬ್ಯಾಟರಾಯಪ್ಪ ಎದ್ದೇ ನಿಂತ. "ಬರಾಕಿಲ್ಲ ಅಂತ ಏಳಿ ಅವ್ರ್ಗೆ" ಎಂದ. ದ್ರೌಪದಮ್ಮ ಸೆರಗು ಸರಿಮಾಡಿಕೊಂಡು, "ಬತ್ತೀನಿ ಕಣಮ್ಮ. ಕಾಯಿ ನಾನೇ ತತ್ತೀನಿ" ಎಂದಳು.

ಗಂಡ ಅವಳನ್ನು ದುರುಗುಟ್ಟಿ ನೋಡಿ ಹೊರಗೆ ಹೋದ. ಗೆದ್ದೆತ್ತಿನ ಬಾಲ ಹಿಡಿದಳು ಎಂದು ಸಂಜೆಯೊಳಗೆ ಊರೆಲ್ಲ ಆಡಿಕೊಂಡಿತು. ಅವಳು ಆಡಿಕೊಳ್ಳಲು ಬಿಟ್ಟಳು. ಮಾರನೆಯ ದಿನ ಯಲಹಂಕದ ಸಂತೆಗೆ ಹೋಗಿ, ಖಾದರ್ ಬಾಷಾನ ಅಂಗಡಿಯ ಮುಂದೆ ಕೂತು, ಒಂದೊಂದೇ ತೆಂಗಿನಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದಳು. ನೀರಿನ ಸದ್ದಿಲ್ಲದ, ಕಣ್ಣಿನ ಬಳಿ ಕಪ್ಪಗೆ ಒದ್ದೆಯಾಗಿದ್ದ ಒಂದು ಕಾಯಿ ಸಿಕ್ಕಿತು.

"ಅಮ್ಮ, ಅದು ಕೆಟ್ಟೋಗಿದೆ. ಇಲ್ಲಿ ಕೊಡಿ, ಬೇರೆ ಕೊಡ್ತೀನಿ" ಎಂದ ಬಾಷಾ.

"ಇದೇ ಬೇಕು ಬಾಷಣ್ಣ."

"ಪೂಜೆಗೆ ಅಂದ್ರಲ್ಲ?"

"ಪೂಜೆಗೇಯ."

ಬಾಷಾ ಅವಳ ಮುಖ ನೋಡಿ ದುಡ್ಡು ತೆಗೆದುಕೊಳ್ಳಲಿಲ್ಲ.

ತಿಳಿದೂ ತಿಳಿದೂ ಕೊಳೆತ ಕಾಯಿ ಒಡೆದ ಕೈಯಲ್ಲಿ ಆಮೇಲೆ ಗುಣ ಉಳಿಯುವುದಿಲ್ಲ. ದ್ರೌಪದಮ್ಮನಿಗೆ ಇದು ಸೂರ್ಯ ಹುಟ್ಟುವಷ್ಟೇ ನಿಜ. ಆ ಕಾಯಿಯೊಂದಿಗೆ ತನ್ನ ಕೈಯನ್ನೂ ಒಡೆಯುತ್ತಿದ್ದೇನೆ ಎಂದು ಗೊತ್ತಿದ್ದೇ ಹೊರಟಳು. ತಾನು ಬೆಳೆಸಿದ್ದು, ತಾನೇ ಒಣಗಿಸಬೇಕು. ಹಿಂದಿನ ದಿನ ಬೇಕೆಂದೇ ಗಂಡನೊಂದಿಗೆ ಜಗಳ ತೆಗೆದಳು. ಸ್ನಾನ ಮಾಡಲಿಲ್ಲ. ಒಣಗಿ ಹೋಗು, ಒಣಗಿ ಹೋಗು ಎಂದುಕೊಳ್ಳುತ್ತಾ ಶಾಮಿಯಾನದ ಕೆಳಗೆ ಬಂದು ನಿಂತಳು.

ಇಂಜಿನ್ನಿಗೆ ಚೆಂಡುಹೂವಿನ ಹಾರ ಹಾಕಿದ್ದರು. ಊರಿನ ಹೆಂಗಸರು ಬೇಲಿಯಾಚೆ ಸೆರಗು ಬಾಯಿಗಿಟ್ಟುಕೊಂಡು ನೋಡುತ್ತಿದ್ದರು. ದ್ರೌಪದಮ್ಮ ಕಾಯಿ ಎತ್ತಿ ಹಳಿಯ ಪಕ್ಕದ ಕಲ್ಲಿಗೆ ಹೊಡೆದಳು. ಕಾಯಿ ಒಡೆದು ಕಪ್ಪು ರಾಡಿ ಕಲ್ಲಿನ ಮೇಲೆ ಹರಿಯಿತು. ನಾತ ಹರಡಿತು. ಬೇಲಿಯಾಚೆ ಹೆಂಗಸರೆಲ್ಲ ಒಟ್ಟಿಗೆ ಅಯ್ಯಯ್ಯೋ ಎಂದರು.

ಈಚೆ ಏನೂ ಆಗಲಿಲ್ಲ. ಸೂಟಿನ ದೊಡ್ಡ ಮನುಷ್ಯ ಮೂಗಿಗೆ ಕರ್ಚೀಫು ಹಿಡಿದು ಗಡಿಯಾರ ನೋಡಿದ. ಸ್ಮಿತಾ, "ಪರ್ವಾಗಿಲ್ಲ ಬಿಡಿ ಅಮ್ಮ, ದೃಷ್ಟಿ ಹೋಯ್ತು" ಎಂದು ಕೈ ಒರೆಸಿಕೊಳ್ಳಲು ಪೇಪರು ಕೊಟ್ಟಳು. ಇನ್ನೊಂದು ಕಾಯಿ ತರಿಸೋಣವೇ ಎಂದು ಯಾರೋ ಕೇಳಿದರು. "ಟೈಮಿಲ್ಲ, ಅಲ್ಲಿ ಹಡಗು ಕಾಯಲ್ಲ" ಎಂದು ದೊಡ್ಡ ಮನುಷ್ಯ ಹಸಿರು ಬಾವುಟ ಆಡಿಸಿದ. ರೈಲು ಹೊರಟಿತು. ಕಲ್ಲಿನ ಮೇಲಿನ ರಾಡಿಗೆ ಒಬ್ಬ ಒಂದು ಬಕೆಟ್ ನೀರು ಹೊಯ್ದ.

ಊರಿನಲ್ಲಿ ಮಾತ್ರ ಅವತ್ತು ಹಬ್ಬ. ಬೇಕೆಂದೇ ಕೆಟ್ಟ ಕಾಯಿ ಒಯ್ದಿದ್ದಳು ಎಂದು ಬಾಷಾನಿಂದ ತಿಳಿದದ್ದೇ ತಡ, ಚನ್ನಕ್ಕ ಓಡಿಬಂದು ಅವಳನ್ನು ತಬ್ಬಿಕೊಂಡು ಅತ್ತಳು. "ನಮಿಗೋಸ್ಕರ ನಿನ್ ಕೈಯನ್ನೇ ಸುಟ್ಕಂಡ್ಯಲ್ಲಕ್ಕ!" ಎಂದಳು. ಪೋರ್ಟು ಇನ್ನೇನು ಬಾಡುತ್ತದೆ ಎಂದು ಊರೆಲ್ಲ ಕಾದು ಕೂತಿತು. ಒಂದು ವಾರ ದೊಡ್ಡ ಕ್ರೇನು ಕೆಟ್ಟು ನಿಂತಾಗ ದೊಡ್ಡಮುನಿಯಪ್ಪ ಎಲ್ಲರಿಗೂ ಟೀ ಕುಡಿಸಿದ. ಮಳೆಯಲ್ಲಿ ರಸ್ತೆ ಮುಳುಗಿ ಟ್ರೈಲರುಗಳು ಸಿಕ್ಕಿಹಾಕಿಕೊಂಡಾಗ ಹೆಂಗಸರು ದ್ರೌಪದಮ್ಮನ ಕಾಲಿಗೆ ಬಿದ್ದರು.

ಕ್ರೇನು ರಿಪೇರಿಯಾಯಿತು. ನೀರು ಇಳಿಯಿತು. ದಿನಕ್ಕೊಂದಿದ್ದ ರೈಲು ಮೂರಾಯಿತು. ಮೂರನೇ ಹಂತಕ್ಕೂ ನೋಟೀಸು ಬಂತು, ಈ ಸಲ ಮನೆಗಳೂ ಸೇರಿದ್ದವು. ಅದರ ಶಂಕುಸ್ಥಾಪನೆ ಎಲ್ಲೋ ದೂರದ ಊರಿನ ಸಭೆಯಲ್ಲಿ ಗುಂಡಿ ಒತ್ತಿ ಆಯಿತಂತೆ. ಕಾಯಿ ಇಲ್ಲ, ಮಣ್ಣಿಲ್ಲ, ಯಾರ ಕೈಯೂ ಬೇಕಾಗಲಿಲ್ಲ. ಜನ ಮೆಲ್ಲಗೆ ದ್ರೌಪದಮ್ಮನ ಮನೆಗೆ ಬರುವುದನ್ನು ಬಿಟ್ಟರು. ಸಿಟ್ಟಿನಿಂದಲ್ಲ. ಬರಬೇಕೆಂಬ ನೆನಪೇ ಯಾರಿಗೂ ಆಗುತ್ತಿರಲಿಲ್ಲ.

ಚನ್ನಕ್ಕ ಬ್ಯಾಟರಾಯನಪುರದಲ್ಲಿ ಬಾಡಿಗೆ ಮನೆ ಹಿಡಿದಳು. ಹೊರಡುವ ದಿನ ಹೇಳಿ ಹೋಗಲು ಬಂದಳು. ಜಗಲಿಯ ಮೇಲೆ ಕೂತು, ಓರಗಿತ್ತಿಯ ಕೈಯನ್ನು ತನ್ನ ಮಡಿಲಿಗೆ ತೆಗೆದುಕೊಂಡಳು.

"ತಪ್ಪಾಯ್ತು ಕಣಕ್ಕ, ಅವತ್ತು ಡೇರಿತಾವ ಏನೇನೋ ಅಂದ್ಬುಟ್ಟೆ. ನೀನ್ ಮಣ್ಣಾಕ್ದೆ ಇದ್ದಿದ್ರೂ ಅದು ಬೆಳೀತಿತ್ತು. ಕೆಟ್ಟ್ ಕಾಯಿ ಒಡೆದ್ರೂ ಬೆಳೀತಾನೇ ಐತೆ. ನಿನ್ ಕೈಲಿ ಏನೂ ಇರ್ನಿಲ್ಲ ಬುಡು. ಪಾಪ, ನಿಂದೇನೈತೆ ತಪ್ಪು."

ನಿಜವಾಗಿ ಮನಸ್ಸು ಕರಗಿಯೇ ಹೇಳಿದಳು. ಅಪವಾದ ತೊಳೆದು ಕೊಡುತ್ತಿದ್ದೇನೆ ಎಂದು ಅವಳ ಎಣಿಕೆ. ದ್ರೌಪದಮ್ಮ ಅವಳ ಮಡಿಲಿನಿಂದ ಕೈ ಎಳೆದುಕೊಂಡಳು. ಪೋರ್ಟಿನಲ್ಲಿ ತನ್ನ ಕೈಯಿರಲಿಲ್ಲ ಎಂದಾದರೆ, ಊರಿನ ಸಸಿಗಳಲ್ಲಿ ಇತ್ತೇ? ಬೋರ್‌ವೆಲ್ಲಿನ ನೀರಿನಲ್ಲಿ, ಉಕ್ಕಿದ ಹಾಲಿನಲ್ಲಿ ಇತ್ತೇ? ನಲವತ್ತು ವರ್ಷ ಅವೆಲ್ಲ ತಮ್ಮಷ್ಟಕ್ಕೆ ತಾವೇ ಆಗುತ್ತಿದ್ದವು, ತಾನು ಸುಮ್ಮನೆ ಹೋಗಿ ಪಕ್ಕದಲ್ಲಿ ನಿಲ್ಲುತ್ತಿದ್ದೆನೇ? ಊರು ಹಾಳು ಮಾಡಿದವಳು ಎಂಬ ಹೆಸರನ್ನು ಹೇಗೋ ಹೊತ್ತುಕೊಂಡಿದ್ದಳು. ಇದನ್ನು ಹೊರಲಾಗಲಿಲ್ಲ.

"ಬೈಯೇ ಚನ್ನಿ" ಎಂದಳು. "ಇನ್ನೊಂದ್ ದಪ ಬೈದ್ಬುಟ್ಟು ಓಗು. ನನ್ ಕೈಯಿಂದ್ಲೇ ನಿನ್ ಮನೆ ಆಳಾಯ್ತು ಅಂತ ಏಳು."

"ಓಗತ್ಲಾಗೆ, ಎಂಥಾ ಮಾತಾಡ್ತೀಯಕ್ಕ" ಎಂದು ಚನ್ನಕ್ಕ ಕಣ್ಣೊರೆಸಿಕೊಂಡು ಎದ್ದಳು. ಸಾಮಾನು ತುಂಬಿದ ಟೆಂಪೊ ಆಗಲೇ ಎರಡು ಸಲ ಹಾರ್ನ್ ಹೊಡೆದಿತ್ತು.