ಅಪ್ಪ ನೀರಿಗಿಳಿಯದಿರಲೆಂದು

ನನ್ನಪ್ಪ ನಮ್ಮೂರ ಕೆರೆಯ ನೀರುಗಂಟಿ. ತೂಬು ತೆಗೆದು ಗದ್ದೆಗಳಿಗೆ ಸರದಿಯಂತೆ ನೀರು ಬಿಡುವುದು ನಮ್ಮ ಮನೆತನದ ಕೆಲಸ. ಬನ್ನೇರುಘಟ್ಟ ರಸ್ತೆ ಊರನ್ನು ನುಂಗಿ ಬಹಳ ಕಾಲವಾಯಿತು. ಗದ್ದೆಯಿದ್ದ ಕಡೆ ಪಿ.ಜಿ.ಗಳು, ಅಪಾರ್ಟ್‌ಮೆಂಟುಗಳು ನಿಂತಿವೆ. ಕೆರೆಯ ಸುತ್ತ ಬೇಲಿ, ವಾಕಿಂಗ್ ಟ್ರ್ಯಾಕು. ನೀರು ಬಿಡಲು ಗದ್ದೆಯಿಲ್ಲದಿದ್ದರೂ ಅಪ್ಪನಿಗೆ ಒಂದು ಕೆಲಸ ಉಳಿಯಿತು. ಕೆರೆಯಲ್ಲಿ ಯಾರಾದರೂ ಮುಳುಗಿದರೆ ಹೆಣ ತೆಗೆಯಲು ಅವನನ್ನೇ ಕರೆಯುತ್ತಾರೆ.

ಹಿಂದೆ ಇಟ್ಟಿಗೆಗೆಂದು ಮಣ್ಣು ತೆಗೆದ ಗುಂಡಿಗಳು ತಳದಲ್ಲಿ ಎಲ್ಲೆಲ್ಲಿವೆ ಎಂಬುದು ಅವನೊಬ್ಬನಿಗೇ ಗೊತ್ತು. ಲಾರಿ ಟ್ಯೂಬಿನ ಮೇಲೆ ಕೂತು ಬಿದಿರ ಗಳದಿಂದ ತಡಕುತ್ತಿದ್ದ. ಆಮೇಲೆ ಮುಳುಗಿ, ಕೂದಲೋ ಬಟ್ಟೆಯೋ ಕೈಗೆ ಸಿಕ್ಕಿದ್ದನ್ನು ಹಿಡಿದು ಮೇಲೆ ಬರುತ್ತಿದ್ದ. ಎಲ್ಲ ಮುಗಿದ ಮೇಲೆ ಹಳೇ ಪಟೇಲರ ಮನೆಯಿಂದ ದಡಕ್ಕೆ ಟೀ ಬರುತ್ತಿತ್ತು. ಉಳಿದವರಿಗೆ ಸ್ಟೀಲ್ ಲೋಟದಲ್ಲಿ, ಅಪ್ಪನಿಗೆ ಪೇಪರ್ ಕಪ್ಪಿನಲ್ಲಿ. ತಾತನ ಕಾಲದಲ್ಲಿ ತೆಂಗಿನ ಚಿಪ್ಪು ಇತ್ತಂತೆ. ಪ್ರಗತಿ ಅಂದರೆ ಇದೇ ಇರಬೇಕು. ಆ ಕಪ್ಪನ್ನು ಕಿತ್ತು ಅವರ ಮುಂದೆಯೇ ಎಸೆಯಬೇಕು ಎಂದು ನನಗೆ ಪ್ರತಿ ಸಲವೂ ಮೈ ಉರಿಯುತ್ತಿತ್ತು. ಅಪ್ಪ ಊದಿಕೊಂಡು ಕುಡಿಯುತ್ತಿದ್ದ. ಮನೆಯ ಗೋಡೆಗೆ ನಾನು ಬುದ್ಧನ ಪಟ ತಂದು ಹಾಕಿದ್ದೇನೆ; ಅಪ್ಪ ಅದಕ್ಕೂ ಊದಿನಕಡ್ಡಿ ಹಚ್ಚಿ, ಊರಿನವರಿಗೆಲ್ಲ ಒಳ್ಳೆಯದಾಗಲಿ ಅನ್ನುವವನು.

ಹೋದ ಚಳಿಗಾಲದಲ್ಲಿ ಒಬ್ಬರನ್ನು ಎತ್ತಿ ಬಂದ ಮೇಲೆ ತಿಂಗಳಿಡೀ ಕೆಮ್ಮಿದ. ಜಯನಗರದ ಡಾಕ್ಟರು ಎಕ್ಸ್‌ರೇ ನೋಡಿ, "ಇನ್ನೊಂದ್ಸಲ ನೀರಿಗಿಳಿದ್ರೆ ಇವರನ್ನ ಕಳ್ಕೋತೀರ ಅಷ್ಟೇ" ಎಂದು ನನಗೆ ಹೇಳಿದರು. ಅಪ್ಪ ತಲೆಯಾಡಿಸಿದ. ಬಸ್‌ಸ್ಟಾಪಿಗೆ ಬಂದ ಮೇಲೆ ಅವನ ರಾಗವೇ ಬೇರೆಯಾಯಿತು.

"ಕರೆದ್ರೆ ಹೋಗ್ದೆ ಇರೋಕಾಗುತ್ತೇನೋ? ಅವರ ಮನೆಯೋರು ದಡದಲ್ಲಿ ಕೂತಿರ್ತಾರೆ. ನಾನು ಮನೇಲಿ ಮುದ್ದೆ ತಿನ್ಕೊಂಡು ಕೂರಲಾ?"

ನಾನು ಕಾರ್ಪೆಂಟರ್. ಜೆ.ಪಿ. ನಗರ, ಬನಶಂಕರಿ ಕಡೆಯ ಮನೆಗಳಿಗೆ ಅಡುಗೆಮನೆಯ ಕಪಾಟು, ಡ್ರಾಯರ್ ಮಾಡಿಕೊಡುತ್ತೇನೆ. ಸಿಂಕಿನ ಕೆಳಗೆಂದು ವಾಟರ್‌ಪ್ರೂಫ್ ಪ್ಲೈವುಡ್ಡಿನಲ್ಲಿ ಮಾಡಿದ್ದ ಒಂದು ಡ್ರಾಯರ್ ಅಳತೆ ತಪ್ಪಿ ವಾಪಸ್ ಬಂದು, ನಮ್ಮ ಮನೆಯ ಮುಂದೆ ಬಿದ್ದಿತ್ತು. ಒಂದು ದಿನ ಮಳೆ ನಿಂತ ಮೇಲೆ ನೋಡಿದರೆ ಅಂಚಿನವರೆಗೂ ನೀರು ತುಂಬಿದೆ. ಸಂಜೆಯಾದರೂ ಒಂದು ಹನಿ ಸೋರಿರಲಿಲ್ಲ. ನೀರನ್ನು ಹೊರಗೆ ಬಿಡದ ಪೆಟ್ಟಿಗೆ ಒಳಗೂ ಬಿಡಲಾರದು ಎಂದು ಆಗ ಹೊಳೆಯಿತು. ದೋಣಿಯಲ್ಲಿ ಅದುವರೆಗೆ ಕಾಲಿಟ್ಟವನೂ ಅಲ್ಲ ನಾನು. ಆದರೂ ಅಲ್ಲೇ ನಿಂತು, ನೆಲದ ಮೇಲೆ ಸೀಮೆಸುಣ್ಣದಲ್ಲಿ ಎಂಟಡಿ ಉದ್ದದ ಗೆರೆ ಎಳೆದೆ.

ಜಯನಗರದಲ್ಲಿ ಕೆಡವಿದ ಹಳೇ ಮನೆಯೊಂದರ ತೇಗದ ಚೌಕಟ್ಟು ಸಿಕ್ಕಿತು. ಅದನ್ನು ಸೀಳಿ ಪಕ್ಕೆಗಳನ್ನು ಮಾಡಿ, ಪ್ಲೈವುಡ್ ಬಗ್ಗಿಸಿ ಹೊಡೆದೆ. ಎಷ್ಟು ಭಾನುವಾರಗಳು ಹೋದವೋ. "ದೋಣಿ ಅಂತೀರ, ಇದು ಮೂತಿ ಇರೋ ಡ್ರಾಯರ್" ಎಂದು ಹೆಂಡತಿ ನಕ್ಕಳು. ಅಪ್ಪ ನಗಲಿಲ್ಲ. ಬಾಗಿಲಲ್ಲಿ ಕೂತು ನೋಡುತ್ತಿದ್ದವನು ಕೊನೆಯ ಕೋಟ್ ಬಣ್ಣ ಹೊಡೆಯುವಾಗ ಬಾಯಿಬಿಟ್ಟ.

"ದೋಣಿ ಮೇಲಿರುತ್ತೆ ಕಣೋ. ಹೆಣ ಕೆಳಗಿರುತ್ತೆ."

ನನಗೆ ರೇಗಿತು. "ನೀನು ಕೂತ್ಕೊಂಡು ಜಾಗ ತೋರ್ಸು, ಸಾಕು. ಇಳಿಯೋಕೆ ಊರಲ್ಲಿ ಬೇರೆ ಗಂಡಸರಿಲ್ವಾ?" ಅಂದೆ. ಅಪ್ಪ ಎದ್ದು ಒಳಗೆ ಹೋದ.

ಆಷಾಢದ ಒಂದು ಬೆಳಿಗ್ಗೆ ಪಟೇಲರ ಮಗನ ಫೋನ್ ಬಂತು. ನಾವಿಬ್ಬರೂ ಒಂದೇ ಕ್ಲಾಸಿನಲ್ಲಿ ಓದಿದವರು. ಅವನು ನನ್ನನ್ನು ನೀನು ಅನ್ನುತ್ತಾನೆ, ನಾನು ಅವನನ್ನು ಅಣ್ಣ ಅನ್ನುತ್ತೇನೆ. "ನಮ್ಮ ಬಿಲ್ಡಿಂಗಲ್ಲಿ ಬಾಡಿಗೆಗಿದ್ದ ಆಂಟಿ ವಾಕಿಂಗ್ ಹೋದೋರು ಬಂದಿಲ್ಲ. ಚಪ್ಪಲಿ ಕೆರೆ ದಡದಲ್ಲಿದೆ. ನಿಮ್ಮಪ್ಪನ್ನ ಕರ್ಕೊಂಡ್ಬಾ. ದೋಣಿ ಮಾಡಿದ್ದೀಯಂತೆ, ಅದನ್ನೂ ತಗೊಂಡ್ಬಾ."

ದೋಣಿ ತೇಲಿತು. ಹೇಳಲು ನಾಚಿಕೆಯಾಗುತ್ತದೆ, ನೀರಿನ ಕೆಳಗೆ ಒಬ್ಬ ಹೆಂಗಸಿದ್ದಾಳೆ ಎಂದು ಗೊತ್ತಿದ್ದೂ ದಡದವರು ನನ್ನ ಕೆಲಸವನ್ನು ನೋಡುತ್ತಿದ್ದಾರೆಯೇ ಎಂದು ಒಮ್ಮೆ ತಿರುಗಿ ನೋಡಿದೆ. ಅಪ್ಪ ಮುಂದೆ ಕೂತು ಗಳ ಇಳಿಸುತ್ತಾ ಹೋದ. ಹಳೇ ತೂಬಿನ ಹತ್ತಿರ ಅವನ ಕೈ ನಿಂತಿತು.

"ಇಲ್ಲೇ."

"ಸಿಕ್ತು, ಯಾರಾದ್ರೂ ಬನ್ನಿ" ಎಂದು ದಡಕ್ಕೆ ಕೂಗಿದೆ. ಅಗ್ನಿಶಾಮಕದ ರಬ್ಬರ್ ದೋಣಿಯವರು ಇನ್ನೂ ಟ್ರಾಫಿಕ್ಕಿನಲ್ಲಿದ್ದರಂತೆ. ದಡದಲ್ಲಿ ಮೂವತ್ತು ಜನರಾದರೂ ಇದ್ದರು. ಒಬ್ಬರೂ ಅಲುಗಲಿಲ್ಲ. ಆಕೆಯ ಗಂಡ ಚಪ್ಪಲಿಗಳನ್ನು ಎದೆಗೆ ಒತ್ತಿಕೊಂಡು ನಿಂತಿದ್ದ.

"ನಿಮ್ಮಪ್ಪ ಇದಾನಲ್ಲೋ" ಎಂದ ಪಟೇಲರ ಮಗ.

ಅಪ್ಪ ಆಗಲೇ ಅಂಗಿಯ ಎರಡು ಗುಂಡಿ ಬಿಚ್ಚಿದ್ದ. ನನಗೆ ಈಜು ಕಲಿಸಿದವನು ಅವನೇ, ಅದೇ ಕೆರೆಯಲ್ಲಿ. ಮೂರನೆಯ ಗುಂಡಿಗೆ ಅವನ ಕೈ ಹೋಗುವಷ್ಟರಲ್ಲಿ ನಾನು ಧುಮುಕಿದೆ.

ಕೆಳಗೆ ಕಣ್ಣಿಗೆ ಏನೂ ಕಾಣುವುದಿಲ್ಲ. ಕೆಸರು, ಪ್ಲಾಸ್ಟಿಕ್ಕು, ಮೂಳೆ ಕೊರೆಯುವ ಚಳಿ. ಎರಡು ಸಲ ಬರಿಗೈಯಲ್ಲಿ ಮೇಲೆ ಬಂದೆ. "ಸ್ವಲ್ಪ ಎಡಕ್ಕೆ ಮಗಾ" ಎಂದ ಅಪ್ಪ, ಎಂದೂ ಇಲ್ಲದಷ್ಟು ಮೆತ್ತಗೆ. ಮೂರನೆಯ ಸಲ ಬೆರಳಿಗೆ ಬಳೆಗಳು ತಾಗಿದವು.

ದೋಣಿಯೊಳಗೆ ಆಕೆಗೆ ಜಾಗವಿರಲಿಲ್ಲ. ಅಷ್ಟು ದಿನ ಅಳೆದು ಕೊಯ್ದವನು ಆ ಒಂದು ಅಳತೆಯನ್ನು ಯೋಚಿಸಿಯೇ ಇರಲಿಲ್ಲ. ಒಂದು ಕೈಯಲ್ಲಿ ಆಕೆಯನ್ನು, ಇನ್ನೊಂದರಲ್ಲಿ ದೋಣಿಯ ಅಂಚನ್ನು ಹಿಡಿದುಕೊಂಡೆ. ಅಪ್ಪ ಗಳ ಹಾಕುತ್ತಾ ದಡ ಸೇರಿಸಿದ.

ಗಂಡನ ಅಳು ಇನ್ನೂ ನಿಂತಿರಲಿಲ್ಲ, ಟೀ ಬಂತು. "ನಿನ್ನ ನಂಬರ್ ಇದೆಯಲ್ಲ, ಇನ್ನು ಯೋಚ್ನೆ ಇಲ್ಲ ಬಿಡು" ಎಂದ ಪಟೇಲರ ಮಗ. ಅಪ್ಪ ನನ್ನ ಮುಖ ನೋಡದೆ, ಬಿಚ್ಚಿದ್ದ ಎರಡು ಗುಂಡಿಗಳನ್ನು ಹಾಕಿಕೊಳ್ಳುತ್ತಿದ್ದ.

ತಟ್ಟೆಯ ತುದಿಯಲ್ಲಿ ಈ ಸಲ ಎರಡು ಪೇಪರ್ ಕಪ್ಪುಗಳಿದ್ದವು. ನನ್ನ ಹಲ್ಲು ಕಟಕಟ ಎನ್ನುತ್ತಿತ್ತು. ನನ್ನ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು ಕುಡಿದೆ.